ಕಿವಿ ಪ್ರಿಂಟ್ ಆಗುತ್ತೆ, ಕಿಡ್ನಿ ಯಾಕಾಗಲ್ಲ?

ಕಳೆದ ತಿಂಗಳು ಇದೇ ಅಂಕಣದಲ್ಲಿ ತ್ರೀಡಿ ಪ್ರಿಂಟರಿನಲ್ಲಿ ಜೆಲ್ ತುಂಬಿ ದೇಹದ ಭಾಗಗಳನ್ನು ಮಾಡುವ ಕೆಲಸದ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂಪಾದಕರು ಈ ಸಲದ ಜಾಗವನ್ನೆಲ್ಲ ಅದಕ್ಕೇ ಬಿಟ್ಟುಕೊಟ್ಟಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಜೆಲ್ ಕಲಸುವುದು, ಅದನ್ನು ಸಿರಿಂಜಿಗೆ ತುಂಬುವುದು, ಪ್ರಿಂಟ್ ಆದದ್ದು ನಿಂತಿತೋ ಕುಸಿಯಿತೋ ನೋಡುವುದು ನನ್ನ ಕೆಲಸ. ಚಿಕಿತ್ಸೆಯ ಮಾತು ಬಂದ ಕಡೆಯೆಲ್ಲ ಕಿವಿ, ಕಣ್ಣು, ಮೂಳೆ ಡಾಕ್ಟರುಗಳನ್ನು ಕೇಳಿಯೇ ಬರೆದಿದ್ದೇನೆ.

ಪ್ರಶ್ನೆ: ಹೈಡ್ರೋಜೆಲ್ ಅಂದರೆ ಹುಡುಗರು ತಲೆಗೆ ಹಚ್ಚಿಕೊಳ್ಳುವ ಜೆಲ್ ಥರದ್ದಾ? ಪ್ರಿಂಟ್ ಅಂದರೆ ಯಾವುದರ ಮೇಲೆ ಪ್ರಿಂಟ್?
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಮೇಷ್ಟ್ರೇ, ತಲೆಗೆ ಹಚ್ಚುವುದೂ ಅದೇ ಸಂಸಾರದ್ದು. ನಿಮ್ಮ ಮನೆಯಲ್ಲಿ ಇನ್ನೂ ಎರಡು ಮೂರು ಬಗೆ ಇರಬಹುದು. ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಬರುವ ಲೋಳೆ, ಚೈನಾ ಗ್ರಾಸ್ ಹಾಕಿ ಮಾಡಿದ ಸಿಹಿ, ಮೊಮ್ಮಗುವಿನ ಡಯಾಪರ್ ಒಳಗೆ ಉಬ್ಬಿಕೊಳ್ಳುವ ಪುಡಿ, ಎಲ್ಲವೂ ಹೈಡ್ರೋಜೆಲ್ಲೇ. ಉದ್ದುದ್ದ ಅಣುಗಳು ಅಲ್ಲಲ್ಲಿ ಗಂಟು ಹಾಕಿಕೊಂಡು ಬಲೆಯಾಗುತ್ತವೆ. ಬಲೆಯೊಳಗೆ ನೀರು ಸಿಕ್ಕಿಕೊಳ್ಳುತ್ತದೆ. ನಾವು ಲ್ಯಾಬಿನಲ್ಲಿ ಬಳಸುವ ಎಷ್ಟೋ ಜೆಲ್‌ಗಳಲ್ಲಿ 100 ಗ್ರಾಂಗೆ 90 ಗ್ರಾಂಗಿಂತ ಹೆಚ್ಚು ಬರೀ ನೀರು. ಆದರೂ ಕೈಯಲ್ಲಿ ಹಿಡಿದರೆ ಸೋರಿಹೋಗುವುದಿಲ್ಲ.

ವೈದ್ಯಕೀಯಕ್ಕೆ ಇದು ಬಂದ ಕಥೆ ನನಗೆ ತುಂಬಾ ಇಷ್ಟ. 1960ರಲ್ಲಿ ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಒಟ್ಟೋ ವಿಖ್ಟರ್ಲೆ ಮತ್ತು ಅವರ ಜೊತೆಗಾರ ದ್ರಾಹೊಸ್ಲಾವ್ ಲಿಮ್, ದೇಹಕ್ಕೆ ಒಗ್ಗುವ ನೀರಿನ ಜೆಲ್ ಬಗ್ಗೆ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅದರಿಂದ ಕಣ್ಣಿಗೆ ಮೆತ್ತನೆಯ ಲೆನ್ಸ್ ಮಾಡಬೇಕು ಅನ್ನುವುದು ವಿಖ್ಟರ್ಲೆ ಹಟ. 1961ರ ಕ್ರಿಸ್‌ಮಸ್ ಹೊತ್ತಿಗೆ ಅವರು ಮನೆಯ ಟೇಬಲ್ ಮೇಲೆ ಮಕ್ಕಳ ಮೆರ್ಕುರ್ ಆಟಿಕೆ ಸೆಟ್ಟು, ಸೈಕಲ್ ಡೈನಮೋ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಅಚ್ಚನ್ನು ಗರಗರ ತಿರುಗಿಸಿ ಲೆನ್ಸ್ ಎರಕ ಹೊಯ್ದರು. ಇವತ್ತು ಕಾಲೇಜು ಹುಡುಗಿಯರು ಹಾಕಿಕೊಳ್ಳುವ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಅಲ್ಲಿಂದ ಬಂದದ್ದು.

ಇನ್ನು ಪ್ರಿಂಟ್. ಕಾಗದ ಇಲ್ಲ. ಗಾಜಿನ ತಟ್ಟೆಯ ಮೇಲೆ ಸಿರಿಂಜು ಓಡಾಡುತ್ತದೆ, ಕೆಳಗೆ ಜೆಲ್ಲಿನ ಎಳೆ ಬಿಡುತ್ತಾ ಹೋಗುತ್ತದೆ. ಒಂದು ಪದರ ಮುಗಿದ ಮೇಲೆ ಸೂಜಿ ಕೂದಲೆಳೆಯಷ್ಟು ಮೇಲೇರಿ ಇನ್ನೊಂದು ಪದರ ಹಾಕುತ್ತದೆ. ಜೆಲ್ ಮದರಂಗಿ ಕೋನಿನ ಮುದ್ದೆಯ ಹಾಗಿರಬೇಕು. ಒತ್ತಿದಾಗ ಸಲೀಸಾಗಿ ಹರಿಯಬೇಕು, ಕೈ ಬಿಟ್ಟ ತಕ್ಷಣ ಬಿದ್ದ ಜಾಗದಲ್ಲೇ ನಿಲ್ಲಬೇಕು. ಆ ಮುದ್ದೆಯೊಳಗೆ ಜೀವಂತ ಕೋಶಗಳನ್ನು ಬೆರೆಸಿದರೆ ಅದಕ್ಕೆ ಬಯೋಇಂಕ್ ಅನ್ನುತ್ತೇವೆ. 2003ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಥಾಮಸ್ ಬೋಲಂಡ್ ಅವರ ತಂಡ ಇದನ್ನು ಆಫೀಸಿನ ಮಾಮೂಲಿ ಇಂಕ್‌ಜೆಟ್ ಪ್ರಿಂಟರನ್ನೇ ಬಿಚ್ಚಿ ಮಾರ್ಪಡಿಸಿ ಮಾಡಿ ತೋರಿಸಿತ್ತು. ನಿಮ್ಮ ಪ್ರಶ್ನೆ ಅಂಥಾ ತಪ್ಪೇನಲ್ಲ ಬಿಡಿ.

ಪ್ರಶ್ನೆ: ಅಷ್ಟು ಮೆತ್ತಗಿರೋದು ಎತ್ತರಕ್ಕೆ ಕಟ್ಟಿದರೆ ಕುಸಿಯಲ್ವಾ ಮೇಡಂ? ಗಟ್ಟಿ ಜೆಲ್ ಹಾಕಿಬಿಟ್ಟರೆ ಆಯ್ತಲ್ಲ?
— ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ

ಕುಸಿಯುತ್ತದಪ್ಪಾ, ಚೆನ್ನಾಗೇ ಕುಸಿಯುತ್ತದೆ. ನೀನು ಕೇಳಿದ ಎರಡನೇ ಮಾತಿನಲ್ಲೇ ನಮ್ಮ ಕಷ್ಟವೆಲ್ಲ ಇದೆ.

ಗಟ್ಟಿ ಜೆಲ್ಲಿನಲ್ಲಿ ಆಕಾರ ಲಕ್ಷಣವಾಗಿ ನಿಲ್ಲುತ್ತದೆ. ಆದರೆ ಒಳಗಿನ ಕೋಶ ಅಲುಗಾಡಲಾರದು, ಹರಡಲಾರದು, ಪಕ್ಕದ ಕೋಶವನ್ನು ಮುಟ್ಟಲಾರದು. ಮೆತ್ತನೆಯದರಲ್ಲಿ ಕೋಶ ಖುಷಿಯಾಗಿರುತ್ತದೆ, ಆದರೆ ಕಟ್ಟಡ ನಿಲ್ಲುವುದಿಲ್ಲ. ಸೂಜಿಯದ್ದೂ ಹೀಗೇ. ಸಣ್ಣ ಸೂಜಿ ಹಾಕಿದರೆ ಎಳೆ ನಾಜೂಕಾಗಿ ಬರುತ್ತದೆ. ಆದರೆ 27 ಗೇಜ್ ಸೂಜಿಯ ತೂತು ಸುಮಾರು 0.2 ಮಿಲಿಮೀಟರ್ ಅಷ್ಟೇ. ಅದರೊಳಗೆ ದಪ್ಪ ಜೆಲ್ಲನ್ನು ಜೋರಾಗಿ ತಳ್ಳಿದರೆ ಉಜ್ಜಾಟಕ್ಕೆ ಸಿಕ್ಕಿ ಕೋಶಗಳು ಹರಿದುಹೋಗುತ್ತವೆ. ಪ್ರಿಂಟ್ ನೋಡಲು ಸೊಗಸಾಗಿರುತ್ತದೆ. ಮೈಕ್ರೋಸ್ಕೋಪಿನ ಕೆಳಗಿಟ್ಟು ಬಣ್ಣ ಹಾಕಿದರೆ ಬದುಕಿರುವ ಕೋಶ ಹಸಿರು, ಸತ್ತದ್ದು ಕೆಂಪು. ಪರದೆ ತುಂಬಾ ಕೆಂಪು ಬಂದ ದಿನ ಕ್ಯಾಂಟೀನಿನಲ್ಲಿ ಯಾರೂ ಮಾತಾಡುವುದಿಲ್ಲ.

ಇದಕ್ಕೆ ಮುಖ್ಯವಾಗಿ ಎರಡು ಉಪಾಯ ಇದೆ. ಒಂದು, ಮೆತ್ತಗೆ ಪ್ರಿಂಟ್ ಮಾಡಿ ಆಮೇಲೆ ಗಂಟು ಹಾಕಿಸುವುದು. ಜೆಲಾಟಿನ್ನಿಗೆ ರಾಸಾಯನಿಕದ ಒಂದು ಸಣ್ಣ ಕೊಂಡಿ ಸೇರಿಸಿ ಮಾಡಿದ ಜೆಲ್‌ಎಂಎ ಅನ್ನುವ ವಸ್ತು ನಮ್ಮಲ್ಲಿ ದಿನಾ ಬಳಕೆ. ನೀಲಿ ನೇರಳೆ ಬೆಳಕು ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಕಟ್ಟಿಕೊಳ್ಳುತ್ತದೆ. ಅದು ಮಹಾ ನಾಜೂಕು. ರೂಮು ತಣ್ಣಗಿದ್ದರೆ ಸಿರಿಂಜಿನಲ್ಲೇ ಗಡ್ಡೆ ಕಟ್ಟುತ್ತದೆ, ಬೆಚ್ಚಗಾದರೆ ನೀರು. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಏಸಿ ನಿಂತರೆ ಆ ದಿನದ ಪ್ರಿಂಟ್‌ಗೆ ನಮಸ್ಕಾರ.

ಎರಡನೆಯದು ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಡಂ ಫೈನ್‌ಬರ್ಗ್ ತಂಡದ್ದು, 2015ರಲ್ಲಿ ಹೊರಬಂತು. ಅವರು ಗಾಳಿಯಲ್ಲಿ ಪ್ರಿಂಟ್ ಮಾಡುವುದನ್ನೇ ಬಿಟ್ಟರು. ಒಂದು ಬಟ್ಟಲಿನ ತುಂಬಾ ಜೆಲಾಟಿನ್ನಿನ ಸಣ್ಣ ಸಣ್ಣ ಕಾಳುಗಳ ಲೇಹ್ಯ. ಸೂಜಿ ಅದರೊಳಗೇ ಮುಳುಗಿ ಓಡಾಡುತ್ತದೆ. ಸೂಜಿ ಹೋದ ಕಡೆ ಲೇಹ್ಯ ದಾರಿ ಬಿಡುತ್ತದೆ, ಹೋದ ಮೇಲೆ ಮುಚ್ಚಿಕೊಂಡು ಎಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಟ್ಟಲನ್ನು 37 ಡಿಗ್ರಿಗೆ, ಅಂದರೆ ನಮ್ಮ ಮೈ ಬಿಸಿಗೆ ತಂದರೆ ಜೆಲಾಟಿನ್ ಕರಗಿ ಹೋಗುತ್ತದೆ, ಪ್ರಿಂಟ್ ಉಳಿಯುತ್ತದೆ. 2019ರಲ್ಲಿ ಇದೇ ದಾರಿಯಲ್ಲಿ ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನಿನಿಂದ ಹೃದಯದ ಕವಾಟ, ಪುಟ್ಟ ಹೃತ್ಕುಕ್ಷಿ (ರಕ್ತ ತಳ್ಳುವ ಹೃದಯದ ಕೋಣೆ) ಪ್ರಿಂಟ್ ಮಾಡಿದರು. ಹೃದಯದ ಕೋಶ ತುಂಬಿದ ಹೃತ್ಕುಕ್ಷಿ ಬಡಿಯಿತು ಕೂಡ. ಮುಂದಿನ ವರ್ಷ ರೋಗಿಯ ಎಂಆರ್‌ಐ ಚಿತ್ರದಿಂದ ಪೂರ್ತಿ ಅಳತೆಯ ಹೃದಯದ ಮಾದರಿ ಬಂತು. ಅದು ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಜೆಲ್ಲಿನದು, ಅದರಲ್ಲಿ ಜೀವಕೋಶ ಇಲ್ಲ. ಸರ್ಜನ್ನುಗಳು ಅದರ ಮೇಲೆ ಹೊಲಿಗೆ ಹಾಕಿ ಅಭ್ಯಾಸ ಮಾಡಬಹುದು. ಗಟ್ಟಿ ಪ್ಲಾಸ್ಟಿಕ್ ಮಾದರಿಯಲ್ಲಿ ಸೂಜಿ ಇಳಿಯುವುದಿಲ್ಲ, ಇದರಲ್ಲಿ ಇಳಿಯುತ್ತದೆ. ಪತ್ರಿಕೆಯಲ್ಲಿ "ಹೃದಯ ಪ್ರಿಂಟ್ ಮಾಡಿದರು" ಅಂತ ಓದಿದಾಗ ಅದು ಯಾವ ಥರದ ಹೃದಯ ಅಂತ ಒಂದು ಸಲ ನೋಡು.

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಹುಟ್ಟಿನಿಂದ ಬಲಗಿವಿ ಪೂರ್ತಿ ಬೆಳೆದಿಲ್ಲ, ಸಣ್ಣ ಗಂಟಿನ ಹಾಗಿದೆ. ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದಕ್ಕೆ ಹೀಗಾಯ್ತು ಅಂತ ಅತ್ತೆ ಈಗಲೂ ಹೇಳುತ್ತಾರೆ. ಅಮೆರಿಕದಲ್ಲಿ ಕಿವಿ ಪ್ರಿಂಟ್ ಮಾಡಿ ಕೂರಿಸಿದರಂತೆ. ನಮ್ಮ ಮಗುವಿಗೆ ಸಿಗುತ್ತದಾ?
— ಒಬ್ಬ ತಾಯಿ, ಶಿರಸಿ

ತಾಯಿ, ಮೊದಲು ಗ್ರಹಣದ ಮಾತು. ನೀವು ಹೆಚ್ಚಿದ ತರಕಾರಿಗೂ ಮಗುವಿನ ಕಿವಿಗೂ ಯಾವ ಸಂಬಂಧವೂ ಇಲ್ಲ. ಗರ್ಭದ ಮೊದಲ ವಾರಗಳಲ್ಲೇ, ಎಷ್ಟೋ ಸಲ ಬಸುರಿ ಅಂತ ತಾಯಿಗೆ ಖಾತ್ರಿಯಾಗುವ ಹೊತ್ತಿಗೇ, ಕಿವಿ ರೂಪ ತಾಳಲು ಶುರುವಾಗಿರುತ್ತದೆ. ಇದಕ್ಕೆ ಮೈಕ್ರೋಟಿಯಾ ಅನ್ನುತ್ತಾರೆ. ಗ್ರಹಣದ ಆಚರಣೆಯೇ ಇಲ್ಲದ ದೇಶಗಳಲ್ಲೂ ಮಕ್ಕಳು ಹೀಗೆ ಹುಟ್ಟುತ್ತಾರೆ. ಈ ಪುಟವನ್ನು ಅತ್ತೆಯವರಿಗೂ ಓದಲು ಕೊಡಿ. ನಾನು ಬೈದೆ ಅಂತ ಹೇಳಬೇಡಿ, ಅಷ್ಟೇ.

ನೀವು ಕೇಳಿದ ಸುದ್ದಿ ನಿಜ. 2022ರ ಮಾರ್ಚ್‌ನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಮೆಕ್ಸಿಕೋ ಮೂಲದ ಒಬ್ಬ ಯುವತಿಗೆ ಪ್ರಿಂಟ್ ಮಾಡಿದ ಕಿವಿ ಕೂರಿಸಿದರು. ಆಕೆಗೂ ಇದೇ ತೊಂದರೆ ಇತ್ತು. ಪೂರ್ತಿ ಬೆಳೆಯದ ಆ ಕಿವಿಯಿಂದಲೇ ಚೂರು ಮೆದುಮೂಳೆ ತೆಗೆದು, ಅದರ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಕೊಲಾಜನ್ ಜೆಲ್ಲಿನಲ್ಲಿ ಬೆರೆಸಿ, ಚೆನ್ನಾಗಿದ್ದ ಇನ್ನೊಂದು ಕಿವಿಯ ಕನ್ನಡಿ ರೂಪವನ್ನು ಪ್ರಿಂಟ್ ಮಾಡಿದ್ದರು. ಮಾಡಿದ್ದು 3ಡಿಬಯೋ ಥೆರಪ್ಯುಟಿಕ್ಸ್ ಅನ್ನುವ ಕಂಪನಿ. ಅದು 11 ಜನರ ಮೇಲೆ ಮಾಡಬೇಕೆಂದು ಹೊರಟ ಪ್ರಯೋಗ. ಪೇಟೆಗೆ ಬಂದ ಚಿಕಿತ್ಸೆ ಅಲ್ಲ. ಇವತ್ತು ಯಾವ ಆಸ್ಪತ್ರೆಗೂ ಹೋಗಿ ದುಡ್ಡು ಕೊಟ್ಟು "ಪ್ರಿಂಟ್ ಕಿವಿ" ಕೊಡಿ ಅನ್ನುವ ಹಾಗಿಲ್ಲ.

ಹಾಗಂತ ಕೈಚೆಲ್ಲಿ ಕೂರಬೇಕಾಗಿಲ್ಲ. ನನ್ನ ಇಎನ್‌ಟಿ ಗೆಳತಿ ಹೇಳಿದ್ದು ಇಷ್ಟು. ಕಿವಿಯ ಅಂದಕ್ಕಿಂತ ಮೊದಲು ಕೇಳಿಸುವುದು ಎಷ್ಟು ಅಂತ ಪರೀಕ್ಷೆ ಮಾಡಿಸಿ. ಇಂಥ ಮಕ್ಕಳಲ್ಲಿ ಕಿವಿಯ ತೂತೂ ಮುಚ್ಚಿರಬಹುದು, ಆದರೆ ಒಳಗಿವಿ ಚೆನ್ನಾಗಿರುವುದು ಸಾಮಾನ್ಯ. ತಲೆಯ ಮೂಳೆಯ ಮೂಲಕ ಶಬ್ದ ಕಳಿಸುವ ಯಂತ್ರವನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ಶಾಲೆಗೆ ಹೋಗಬಹುದು. ಈ ವಯಸ್ಸಿನಲ್ಲಿ ಪಾಠ ಕೇಳಿಸುವುದು ಮುಖ್ಯ ಅಲ್ವಾ? ಆಕಾರಕ್ಕೆ, ಮಗುವಿನ ಪಕ್ಕೆಲುಬಿನ ಮೆದುಮೂಳೆಯನ್ನೇ ಕೆತ್ತಿ ಕಿವಿ ಮಾಡುವ ಶಸ್ತ್ರಚಿಕಿತ್ಸೆ ಹತ್ತಾರು ವರ್ಷಗಳಿಂದ ಇದೆ. ಪಕ್ಕೆಲುಬು ಸಾಕಷ್ಟು ಬೆಳೆಯಲಿ ಅಂತ ಕಾಯುತ್ತಾರೆ, ಹಾಗಾಗಿ ಹತ್ತು ವರ್ಷದ ಆಚೀಚೆ ಮಾಡುವವರು ಹೆಚ್ಚು. ಇಲ್ಲಿ ತ್ರೀಡಿ ಪ್ರಿಂಟ್ ಈಗಾಗಲೇ ಉಪಯೋಗಕ್ಕೆ ಬಂದಿದೆ. ಚೆನ್ನಾಗಿರುವ ಕಿವಿಯನ್ನು ಸ್ಕ್ಯಾನ್ ಮಾಡಿ, ಮಗುಚಿ, ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿ, ಅದನ್ನು ಎದುರಿಗಿಟ್ಟುಕೊಂಡು ಸರ್ಜನ್ ಕೆತ್ತುತ್ತಾರೆ. ನಿಮ್ಮ ಪ್ಲಾಸ್ಟಿಕ್ ಸರ್ಜನ್ನರನ್ನು ಈ ಮಾತು ಕೇಳಿ ನೋಡಿ.

ಪ್ರಶ್ನೆ: ಕಿವಿ ಆಯ್ತು, ಚರ್ಮ ಆಯ್ತು ಅಂತೀರಿ. ನನ್ನ ತಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಿಡ್ನಿ ಪ್ರಿಂಟ್ ಆಗೋದು ಯಾವಾಗ?
— ಆಟೋ ಚಾಲಕರು, ಮೈಸೂರು

ಅಣ್ಣಾ, ನಿಮಗೆ ಸುಳ್ಳು ಆಸೆ ಹುಟ್ಟಿಸಲಾರೆ. ನಿಮ್ಮ ತಮ್ಮನ ಚಿಕಿತ್ಸೆಯ ಲೆಕ್ಕಾಚಾರದಲ್ಲಿ ಪ್ರಿಂಟ್ ಕಿಡ್ನಿಯನ್ನು ಸೇರಿಸಿಕೊಳ್ಳಬೇಡಿ. ಕಸಿಗೆ ಹೆಸರು ನೋಂದಾಯಿಸಿಲ್ಲದಿದ್ದರೆ ಆ ಬಗ್ಗೆ ನೆಫ್ರಾಲಜಿ ಡಾಕ್ಟರನ್ನು ಇದೇ ವಾರ ಕೇಳಿ.

ಯಾಕಾಗಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಅಂಕಣದಲ್ಲಿ ನೆನಪಿಡಬೇಕಾದ ಒಂದು ವಿಷಯ ಇದ್ದರೆ ಇದೇ. ಜೀವಕೋಶಕ್ಕೆ ಆಮ್ಲಜನಕ ಬೇಕು. ಜೆಲ್ಲಿನ ಮೂಲಕ ತಾನಾಗಿ ಜಿನುಗಿ ಹೋಗುವ ಆಮ್ಲಜನಕ 0.1ರಿಂದ 0.2 ಮಿಲಿಮೀಟರ್ ದೂರದವರೆಗೆ ಮಾತ್ರ ಸಾಕಾಗುತ್ತದೆ. ಅದಕ್ಕಿಂತ ಒಳಗಿರುವ ಕೋಶ ಹಸಿದು ಸಾಯುತ್ತದೆ. ನಮ್ಮ ಮೈಯಲ್ಲಿ ಇದೇ ಕಾರಣಕ್ಕೆ ಹೆಚ್ಚುಕಡಿಮೆ ಪ್ರತಿ ಕೋಶದ ಪಕ್ಕದಲ್ಲೂ ಒಂದು ಸಣ್ಣ ರಕ್ತನಾಳ ಹಾದುಹೋಗುತ್ತದೆ. ಕಿವಿಯ ಮೆದುಮೂಳೆಗೆ ಮಾತ್ರ ತನ್ನದೇ ರಕ್ತನಾಳ ಇಲ್ಲ. ಅದು ಸೋಮಾರಿ ಅಂಗಾಂಶ. ಕೋಶ ಕಡಿಮೆ, ಊಟ ಕಡಿಮೆ, ಪಕ್ಕದವರಿಂದ ಜಿನುಗಿದ್ದರಲ್ಲೇ ಬದುಕುತ್ತದೆ. ಕಣ್ಣಿನ ಮುಂದಿರುವ ಪಾರದರ್ಶಕ ಪಟಲ ಕಾರ್ನಿಯಾಕ್ಕೂ ರಕ್ತನಾಳ ಇಲ್ಲ. ಅದಕ್ಕೇ ಪ್ರಿಂಟರ್‌ನವರು ಮೊದಲು ಇವೆರಡರ ಬಾಗಿಲು ತಟ್ಟಿದ್ದು. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದರಲ್ಲೂ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳ ಉಂಡೆ. ಬರೀ ಆಕಾರ ಬೇಕೆಂದರೆ ಇವತ್ತೇ ಪ್ರಿಂಟ್ ಮಾಡಿಕೊಡುತ್ತೇವೆ. ಅದು ಶೋಕೇಸಿಗೆ ಆದೀತು.

ರಕ್ತನಾಳವನ್ನೇ ಪ್ರಿಂಟ್ ಮಾಡುವ ಕೆಲಸ ನಡೆದಿದೆ. 2019ರ ಮೇ ತಿಂಗಳಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜೋರ್ಡನ್ ಮಿಲ್ಲರ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಲ್ಲಿ ಸ್ಟೀವನ್ಸ್ ತಂಡ ಶ್ವಾಸಕೋಶದ ಗಾಳಿಗೂಡಿನ ಒಂದು ಪುಟ್ಟ ಮಾದರಿಯನ್ನು ಜೆಲ್ಲಿನಲ್ಲಿ ಮಾಡಿತು. ಒಳಗೆ ಗಾಳಿ ತುಂಬಿ ಇಳಿಯುತ್ತದೆ, ಸುತ್ತಲಿನ ಕೊಳವೆಗಳಲ್ಲಿ ರಕ್ತ ಹರಿಯುತ್ತಾ ಆಮ್ಲಜನಕ ಹೀರಿಕೊಳ್ಳುತ್ತದೆ. ಅಲ್ಲಿ ಸೂಜಿ ಇಲ್ಲ. ದ್ರವದ ಮೇಲೆ ಬೆಳಕಿನ ಚಿತ್ರ ಬಿಟ್ಟು ಪದರ ಪದರವಾಗಿ ಗಟ್ಟಿ ಮಾಡುವುದು. ತೊಂದರೆ ಏನೆಂದರೆ ಬೆಳಕು ಬೇಡದ ಆಳಕ್ಕೂ ಇಳಿದು ಕೊಳವೆಯನ್ನೇ ಮುಚ್ಚಿಬಿಡುತ್ತದೆ. ಬೆಳಕನ್ನು ತಡೆಯಲು ಅವರು ಹಾಕಿದ್ದು ಏನು ಗೊತ್ತಾ? ಟಾರ್ಟ್ರಝೀನ್, ತಿಂಡಿಗೆ ಹಾಕುವ ಹಳದಿ ಬಣ್ಣ! 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂದಾಗ ಪರೀಕ್ಷೆಯಲ್ಲಿ ಸಿಕ್ಕ ಬಣ್ಣಗಳಲ್ಲಿ ಇದೂ ಒಂದು. ಅರಿಶಿನದ ಕರ್ಕ್ಯುಮಿನ್ ಕೂಡ ಅದೇ ಕೆಲಸ ಮಾಡುತ್ತದೆ ಅಂತ ಆ ತಂಡ ತೋರಿಸಿದೆ. ಆದರೆ ಆ ಗಾಳಿಗೂಡು ನಾಣ್ಯಕ್ಕಿಂತ ಸಣ್ಣದು. ಅಲ್ಲಿಂದ ಕಿಡ್ನಿಗೆ ದಾರಿ ದೂರ ಇದೆ.

ಇದರ ಮಧ್ಯೆ ಪ್ರಿಂಟ್ ಅಂಗಾಂಶದಿಂದ ನಿಜವಾಗಿ ಆಗುತ್ತಿರುವ ಉಪಕಾರ ಔಷಧ ಪರೀಕ್ಷೆಯಲ್ಲಿ. ಬೆಂಗಳೂರಿನ ಪಂಡೋರಂ ಟೆಕ್ನಾಲಜೀಸ್ 2015ರಲ್ಲಿ ಲಿವರ್ ಅಂಗಾಂಶ ಪ್ರಿಂಟ್ ಮಾಡಿದ್ದು ಸುದ್ದಿಯಾಗಿತ್ತು. ಐಐಎಸ್‌ಸಿಯಲ್ಲಿ ಬೆಳೆದ ಹುಡುಗರು ಕಟ್ಟಿದ ಕಂಪನಿ ಅದು. ಹೊಸ ಔಷಧಿ ಲಿವರನ್ನು ಕೆಡಿಸುತ್ತದಾ ಅಂತ ಇಲಿಯ ಮೇಲೆ ನೋಡುವ ಬದಲು ಮನುಷ್ಯರ ಕೋಶ ತುಂಬಿದ ಇಂಥ ತುಣುಕಿನ ಮೇಲೆ ನೋಡಬಹುದು. ಇದಕ್ಕೆ ತುಣುಕು ತೆಳ್ಳಗಿದ್ದರೂ ಸಾಕು, ರಕ್ತನಾಳದ ತಲೆನೋವಿಲ್ಲ. ನಮ್ಮ ದೇಶದ ಔಷಧ ಪರೀಕ್ಷೆಯ ನಿಯಮಗಳಿಗೂ 2023ರಲ್ಲಿ ತಿದ್ದುಪಡಿಯಾಗಿ, ಪ್ರಾಣಿಗಳ ಜೊತೆಗೆ ಮನುಷ್ಯರ ಕೋಶಗಳಿಂದ ಮಾಡುವ ಪರೀಕ್ಷೆಗಳಿಗೂ ಜಾಗ ಸಿಕ್ಕಿದೆ.

ಪ್ರಶ್ನೆ: ಜೆಲಾಟಿನ್ ಅಂದರೆ ದನದ ಮೂಳೆಯಿಂದ ಮಾಡಿದ್ದಂತೆ. ನಾವು ಸಸ್ಯಾಹಾರಿಗಳು. ನಾಳೆ ಇಂಥದ್ದನ್ನು ಮೈಯೊಳಗೆ ಹಾಕಿದರೆ?
— ಗೃಹಿಣಿ, ತುಮಕೂರು

ಜೆಲಾಟಿನ್, ಕೊಲಾಜನ್ ಸಾಮಾನ್ಯವಾಗಿ ದನದ್ದು ಅಥವಾ ಹಂದಿಯದ್ದು, ಚರ್ಮ ಮೂಳೆಗಳಿಂದ ತೆಗೆದದ್ದು. ಆಲ್ಜಿನೇಟ್ ಕಡಲಪಾಚಿಯದು. ನಮ್ಮ ಕೀಲುಗಳಲ್ಲೂ ಇರುವ ಲೋಳೆಯಂಥ ಹಯಲುರೋನಿಕ್ ಆಸಿಡ್ಡನ್ನು ಹಿಂದೆ ಕೋಳಿ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಬ್ಯಾಕ್ಟೀರಿಯಾದಿಂದ ಹುದುಗಿಸಿ ತೆಗೆಯುವುದು ಜಾಸ್ತಿ. ಡಾಕ್ಟರನ್ನು ಮುಂಚೆಯೇ ಕೇಳುವ ಹಕ್ಕು ನಿಮಗಿದೆ. ಅಂದಹಾಗೆ ಎಷ್ಟೋ ಕ್ಯಾಪ್ಸೂಲಿನ ಹೊರಕವಚವೂ ಜೆಲಾಟಿನ್ನೇ.

ಪ್ರಶ್ನೆ: ವಯಸ್ಸು 64. ಎರಡೂ ಮಂಡಿ ಸವೆದಿದೆ. ಒಂದು ಕ್ಲಿನಿಕ್ಕಿನವರು "ಆಪರೇಷನ್ ಬೇಡ, ನಿಮ್ಮದೇ ಸ್ಟೆಮ್ ಸೆಲ್ ಬೆರೆಸಿದ ತ್ರೀಡಿ ಜೆಲ್ ಹಾಕುತ್ತೇವೆ, ಮೆದುಮೂಳೆ ವಾಪಸ್ ಬೆಳೆಯುತ್ತೆ" ಅಂದು ಲಕ್ಷಗಟ್ಟಲೆ ಹೇಳಿದ್ದಾರೆ. ಮಗ ಸಾಲ ಮಾಡ್ತೀನಿ ಅಂತಿದ್ದಾನೆ.
— ನಿವೃತ್ತ ಬಸ್ ಕಂಡಕ್ಟರ್, ದಾವಣಗೆರೆ

ಹಿರಿಯರೇ, ಮಗನಿಗೆ ಸಾಲ ಮಾಡಬೇಡ ಅನ್ನಿ. ಈ ಪತ್ರ ಓದಿ ನನಗೆ ಸಿಟ್ಟು ಬಂದದ್ದು ನಿಜ.

ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ. ಈ ಯೋಚನೆ ಸುಳ್ಳಲ್ಲ, ಅದಕ್ಕೇ ಜನ ನಂಬುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಮತ್ತು ವೊಲ್ಲೊಂಗಾಂಗ್‌ನ ತಂಡಗಳು ಬಯೋಪೆನ್ ಅನ್ನುವ ಉಪಕರಣ ಮಾಡಿವೆ. ಸರ್ಜನ್ ಪೆನ್ನಿನ ಹಾಗೆ ಹಿಡಿದು ಮಂಡಿಯ ಗಾಯದೊಳಗೆ ಕೋಶ ಬೆರೆಸಿದ ಜೆಲ್ ತುಂಬುತ್ತಾರೆ, ಪಕ್ಕದಿಂದ ಬೆಳಕು ಬಿದ್ದು ಅದು ಗಟ್ಟಿಯಾಗುತ್ತದೆ. ಅದನ್ನು ಪರೀಕ್ಷಿಸಿದ್ದು ಕುರಿಗಳ ಮೇಲೆ. ಅದೂ ಒಂದು ಕಡೆ ಬಿದ್ದ ಸಣ್ಣ ಗುಂಡಿಯನ್ನು ತುಂಬಲು. ನಿಮ್ಮದು ಇಡೀ ಕೀಲು ಸವೆದ ಸಂಧಿವಾತ. ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟು ಒತ್ತಡ ಬೀಳುತ್ತದೆ. ಕೋಶ ಬದುಕಲಿ ಅಂತ ಮೆತ್ತಗೆ ಮಾಡಿದ ಜೆಲ್ ನಿಜವಾದ ಮೆದುಮೂಳೆಗಿಂತ ಹತ್ತಾರು ಪಟ್ಟು ಮೆತ್ತಗಿರುತ್ತದೆ. ಹುಬ್ಬಳ್ಳಿಯ ಹುಡುಗನಿಗೆ ಮೇಲೆ ಹೇಳಿದ ಗಟ್ಟಿ ಮೆತ್ತನೆಯ ಜಗಳ ಇಲ್ಲಿ ನಿಮ್ಮ ಮಂಡಿಯಲ್ಲೇ ನಡೆಯುತ್ತದೆ.

ಕಾನೂನಿನ ಮಾತು ಕೇಳಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಸ್ಟೆಮ್ ಸೆಲ್ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ರಕ್ತದ ಸ್ಟೆಮ್ ಸೆಲ್ ಕಸಿ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗದ ಹಂತದ್ದೇ. ಪ್ರಯೋಗ ಅಂದರೆ ರೋಗಿಯಿಂದ ದುಡ್ಡು ತೆಗೆದುಕೊಳ್ಳಬಾರದು. ಹಾಗಾಗಿ ಅವರನ್ನು ಒಂದೇ ಮಾತು ಕೇಳಿ: "ಇದರ ಸಿಟಿಆರ್‌ಐ ನಂಬರ್ ಕೊಡಿ." ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ನೋಂದಣಿ ಪುಸ್ತಕ ಅದು. ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ನಂಬರ್ ಕೊಟ್ಟರೆ, ಪ್ರಯೋಗಕ್ಕೆ ಲಕ್ಷ ಯಾಕೆ ಅಂತ ಕೇಳಿ. ನಂಬರ್ ಇಲ್ಲ ಅಂದರೆ, ಚೀಟಿ ವಾಪಸ್ ತೆಗೆದುಕೊಂಡು ಎದ್ದು ಬನ್ನಿ. ಇಷ್ಟು ವರ್ಷ ಬಸ್ಸಿನಲ್ಲಿ ಟಿಕೆಟ್ ಕೇಳಿದವರು ನೀವು, ಇದನ್ನು ಕೇಳಲು ಸಂಕೋಚ ಯಾಕೆ?

ಮಂಡಿಗೆ ಹಾಕುವ ಜೆಲ್ ಇಂಜೆಕ್ಷನ್ ಅಂತ ಇನ್ನೊಂದಿದೆ. ಅದು ಹಯಲುರೋನಿಕ್ ಆಸಿಡ್, ಪ್ರಿಂಟಿಗೂ ಅದಕ್ಕೂ ಸಂಬಂಧ ಇಲ್ಲ. ಅದರಿಂದ ಎಷ್ಟು ಲಾಭ ಅನ್ನುವುದರಲ್ಲಿ ಮೂಳೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುವಿಗೆ ವ್ಯಾಯಾಮ, ಕೊನೆಗೆ ಬೇಕಾದರೆ ಮಂಡಿ ಬದಲಾವಣೆ, ಇದು ಹಳೇ ದಾರಿ. ಸದ್ಯಕ್ಕೆ ಗಟ್ಟಿ ದಾರಿಯೂ ಅದೇ.

ಪ್ರಶ್ನೆ: ಕಣ್ಣನ್ನೂ ಪ್ರಿಂಟ್ ಮಾಡ್ತಾರಂತೆ. ಹಾಗಿದ್ದಮೇಲೆ ನೇತ್ರದಾನದ ಫಾರಂ ತುಂಬೋದು ಯಾಕೆ?
— ಯುವಕ ಸಂಘದ ಕಾರ್ಯದರ್ಶಿ, ಬಳ್ಳಾರಿ

ತುಂಬಿಸಿ, ತುಂಬಿಸಿ, ನಿಲ್ಲಿಸಬೇಡಿ.

ಇಡೀ ಕಣ್ಣನ್ನು ಯಾರೂ ಪ್ರಿಂಟ್ ಮಾಡುತ್ತಿಲ್ಲ. ಮಾತು ಇರುವುದು ಕಾರ್ನಿಯಾದ ಬಗ್ಗೆ, ಕಣ್ಣಿನ ಮುಂದಿರುವ ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪಟಲ. ಅದು ಪ್ರಕೃತಿಯೇ ಮಾಡಿದ ಹೈಡ್ರೋಜೆಲ್, ಹೆಚ್ಚು ಭಾಗ ನೀರು, ಉಳಿದದ್ದು ಬಹುಪಾಲು ಕೊಲಾಜನ್. ರಕ್ತನಾಳ ಇಲ್ಲದ್ದರಿಂದ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. 2018ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಚೆ ಕಾನನ್ ತಂಡ ಆಲ್ಜಿನೇಟ್ ಮತ್ತು ಕೊಲಾಜನ್ ಬೆರೆಸಿ ಹತ್ತು ನಿಮಿಷದೊಳಗೆ ಕಾರ್ನಿಯಾದ ಆಕಾರ ಪ್ರಿಂಟ್ ಮಾಡಿತು. 2022ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆ, ಐಐಟಿ ಹೈದರಾಬಾದ್ ಮತ್ತು ಜೀವಕೋಶ ಸಂಶೋಧನಾ ಕೇಂದ್ರ ಸಿಸಿಎಂಬಿ ಸೇರಿ ಪ್ರಿಂಟ್ ಮಾಡಿದ ಕಾರ್ನಿಯಾವನ್ನು ಮೊಲದ ಕಣ್ಣಿಗೆ ಕೂರಿಸಿದವು. 2025ರ ಅಕ್ಟೋಬರ್‌ನಲ್ಲಿ ಇಸ್ರೇಲಿನ ಹೈಫಾದ ರಾಂಬಾಂ ಆಸ್ಪತ್ರೆಯಲ್ಲಿ ಮನುಷ್ಯರಿಗೂ ಒಂದು ಕೂರಿಸಿದ್ದಾರೆ.

ಈಗ ಮುಖ್ಯವಾದ ಮಾತು. ಹೈದರಾಬಾದಿನವರು ಆ ಇಂಕನ್ನು ಮಾಡಿದ್ದು ಯಾವುದರಿಂದ? ದಾನ ಬಂದ ಕಣ್ಣುಗಳಿಂದ! ಕಸಿಗೆ ಯೋಗ್ಯವಲ್ಲದ ಕಾರ್ನಿಯಾಗಳಲ್ಲಿರುವ ಕೋಶಗಳನ್ನು ತೊಳೆದು ತೆಗೆದು, ಉಳಿದ ಅಂಗಾಂಶವನ್ನು ಜೆಲ್ ಮಾಡಿದರು. ಅಂದರೆ ಪ್ರಿಂಟರ್ ಬಂದರೂ ದಾನಿ ಬೇಕೇ ಬೇಕು. ಒಂದು ದಾನ ಹೆಚ್ಚು ಜನಕ್ಕೆ ಮುಟ್ಟಬಹುದು, ಅಷ್ಟೇ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟದ್ದು ನಿಮಗೆ ನೆನಪಿರುತ್ತದೆ. ಕಾರ್ನಿಯಾದ ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ. ಅದಕ್ಕೆ ಯಾವ ಪ್ರಿಂಟರೂ ಬೇಕಾಗಲಿಲ್ಲ.

ನಿಮ್ಮ ಸಂಘದವರಿಗೆ ಇದನ್ನೂ ಹೇಳಿಕೊಡಿ. ಸಾವು ಆದ ಆರು ಗಂಟೆಯೊಳಗೆ ಐ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ಕಣ್ಣು ಮುಚ್ಚಿಸಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆ ಕೆಳಗೆ ದಿಂಬು ಇಡಿ. ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆ ಇದ್ದವರು, ಪೊರೆ ಆಪರೇಷನ್ ಆದವರು ಕೂಡ ಕೊಡಬಹುದು. ಫಾರಂ ತುಂಬಿರದಿದ್ದರೂ ಮನೆಯವರು ಒಪ್ಪಿದರೆ ಆಯಿತು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಸೈನ್ಸ್ ಎಕ್ಸಿಬಿಷನ್‌ಗೆ ಇದನ್ನು ಮನೆಯಲ್ಲಿ ಮಾಡಿ ತೋರಿಸಬಹುದಾ?
— ವಿದ್ಯಾರ್ಥಿನಿ, ಪುತ್ತೂರು

ಮಾಡಬಹುದು ಪುಟ್ಟಿ, ಚೆಂದ ಬರುತ್ತದೆ. ಸೋಡಿಯಂ ಆಲ್ಜಿನೇಟ್ ಮತ್ತು ಕ್ಯಾಲ್ಸಿಯಂ ಲ್ಯಾಕ್ಟೇಟ್ ಪುಡಿ ಬೇಕರಿ ಸಾಮಾನು ಮಾರುವ ಕೆಲವು ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತವೆ. ಎರಡೂ ತಿಂಡಿಗೆ ಹಾಕುವ ದರ್ಜೆಯದೇ ಇರಲಿ. 100 ಮಿಲಿ ನೀರಿಗೆ 1 ಗ್ರಾಂ ಆಲ್ಜಿನೇಟ್. ಒಂದೇ ಸಲ ಸುರಿದರೆ ಗಂಟಾಗುತ್ತದೆ, ಉದುರಿಸುತ್ತಾ ಕಲಸಿ ರಾತ್ರಿಯಿಡೀ ಬಿಡು, ಗುಳ್ಳೆಯೂ ಹೋಗುತ್ತದೆ. ಬೇಕಾದರೆ ಒಂದು ಹನಿ ಬೀಟ್‌ರೂಟ್ ರಸ. ಇನ್ನೊಂದು ಬಟ್ಟಲಿನಲ್ಲಿ 100 ಮಿಲಿ ನೀರಿಗೆ 2 ಗ್ರಾಂ ಕ್ಯಾಲ್ಸಿಯಂ ಲ್ಯಾಕ್ಟೇಟ್. ಸೂಜಿ ಇಲ್ಲದ ಸಿರಿಂಜಿನಿಂದ ಆಲ್ಜಿನೇಟನ್ನು ಅದರೊಳಗೆ ಹನಿ ಹನಿಯಾಗಿ ಬಿಡು. ಬಿದ್ದ ಹನಿ ಅಲ್ಲೇ ಮಣಿಯಾಗುತ್ತದೆ. ಸಿರಿಂಜಿನ ಬಾಯಿಯನ್ನು ನೀರಲ್ಲಿ ಮುಳುಗಿಸಿ ಎಳೆದರೆ ದಾರವೇ ಬರುತ್ತದೆ.

ಹತ್ತು ಸೆಕೆಂಡಿಗೆ ಒಂದು ಮಣಿ ತೆಗೆದು ಕತ್ತರಿಸು. ಹೊರಗೆ ಸಿಪ್ಪೆ, ಒಳಗೆ ಇನ್ನೂ ದ್ರವ. ಅರ್ಧ ಗಂಟೆ ಬಿಟ್ಟ ಮಣಿಯನ್ನು ಕತ್ತರಿಸಿದರೆ ಒಳಗೂ ಗಟ್ಟಿ. ಕ್ಯಾಲ್ಸಿಯಂ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಜಿನುಗಿ ಗಂಟು ಹಾಕುತ್ತಾ ಹೋಗುವುದು ನಿನಗೆ ಕಣ್ಣೆದುರೇ ಕಾಣುತ್ತದೆ. ಮೈಸೂರಿನ ಅಣ್ಣನಿಗೆ ಹೇಳಿದ ಆಮ್ಲಜನಕ ಜಿನುಗುವ ಕಥೆಯನ್ನೂ ಇದನ್ನು ತೋರಿಸಿಯೇ ವಿವರಿಸಬಹುದು. ಇನ್ನು ಕೆಲವು ಮಣಿಗಳನ್ನು ಉಪ್ಪುನೀರಿನಲ್ಲಿ ರಾತ್ರಿ ಬಿಟ್ಟು ಬೆಳಿಗ್ಗೆ ಮುಟ್ಟಿ ನೋಡು, ಮೆತ್ತಗಾಗಿರುತ್ತವೆ. ಉಪ್ಪಿನ ಸೋಡಿಯಂ ಒಳಗೆ ನುಗ್ಗಿ ಕ್ಯಾಲ್ಸಿಯಮ್ಮನ್ನು ಹೊರಗೆ ಹಾಕಿರುತ್ತದೆ. ನಮ್ಮ ರಕ್ತದಲ್ಲೂ ಉಪ್ಪು ಇದೆ ಅಲ್ವಾ? ಆಲ್ಜಿನೇಟನ್ನು ಮೈಯೊಳಗೆ ಇಡಬೇಕೆಂದವರಿಗೆ ಅದೊಂದು ದೊಡ್ಡ ಕಾಟ. ತೀರ್ಪುಗಾರರು ಯಾರಾದರೂ "ಇದು ದೇಹದೊಳಗೆ ಎಷ್ಟು ದಿನ ಉಳಿಯುತ್ತೆ?" ಅಂತ ಕೇಳಿದರೆ ಆ ಮೆತ್ತಗಾದ ಮಣಿಯನ್ನು ಅವರ ಕೈಗೆ ಕೊಡು.